ಬ್ಯಾಪ್ಟಿಸ್ಟರ ಎರಡು ದಾರಿಗಳು: ಕಳುಹಿಸುವವರು ಯಾರು? ಜೊತೆಗೂಡುವವರು ಯಾರು?

ನಮ್ಮ ಕರಾವಳಿಯ ಯಾವ ಚರ್ಚಿನ ವಾರ್ಡಿಗೆ ಹೋದರೂ ಮಗನೋ ಮಗಳೋ ಅಮೆರಿಕದಲ್ಲಿರುವ ಒಂದೆರಡು ಮನೆಗಳು ಸಿಗುತ್ತವೆ. ಅಂಥ ಮನೆಗೆ ಒಂದು ದಿನ ಫೋನ್ ಬರುತ್ತದೆ. ಹುಡುಗಿ ಸಿಕ್ಕಿದ್ದಾಳೆ, ಒಳ್ಳೆಯ ಕ್ರೈಸ್ತ ಕುಟುಂಬ, ಅವರು ಬ್ಯಾಪ್ಟಿಸ್ಟರು ಎಂದು ಮಗ ಹೇಳುತ್ತಾನೆ. ತಂದೆತಾಯಿ ಗುರಿಕಾರರನ್ನು ಕೇಳುತ್ತಾರೆ, ಗುರಿಕಾರರು ಧರ್ಮಗುರುಗಳನ್ನು ಕೇಳುತ್ತಾರೆ: ಬ್ಯಾಪ್ಟಿಸ್ಟರು ಎಂದರೆ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪರಂಪರೆಯವರ ಹಾಗೆಯೋ ಅಥವಾ ಬೇರೆಯೋ?

ಬೇರೆ ಎಂಬುದೇ ಇದಕ್ಕೆ ಉತ್ತರ. ಆದರೆ ಅಷ್ಟು ಹೇಳಿದರೆ ಸಾಲದು. ಬ್ಯಾಪ್ಟಿಸ್ಟರಲ್ಲೇ ಒಂದು ಕನ್ವೆನ್ಶನ್‌ಗೆ ಸೇರಿದ ಸಭೆಗಳಿವೆ, ಯಾವುದಕ್ಕೂ ಸೇರದ ಸ್ವತಂತ್ರ ಸಭೆಗಳೂ ಇವೆ. ಎರಡೂ ಕಡೆಯ ನಂಬಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಹೆಚ್ಚು ವ್ಯತ್ಯಾಸ ಕಾಣದು. ಮಿಷನರಿಯನ್ನು ಕಳುಹಿಸುವ ಅಧಿಕಾರ ಯಾರದು ಮತ್ತು ಬೇರೆ ಸಭೆಗಳೊಂದಿಗೆ ಎಷ್ಟರ ಮಟ್ಟಿಗೆ ಒಡನಾಟ ಇಟ್ಟುಕೊಳ್ಳಬಹುದು ಎಂಬ ಎರಡು ಪ್ರಶ್ನೆಗಳಲ್ಲಿ ಅವರ ದಾರಿಗಳು ಬೇರೆಯಾಗುತ್ತವೆ. ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವವರಿಗೆ ಈ ವ್ಯತ್ಯಾಸ ತಿಳಿದಿದ್ದರೆ ಅನುಕೂಲ ಎಂಬ ಉದ್ದೇಶದಿಂದ ಈ ಲೇಖನ.

ಇಲ್ಲಿ ಒಂದು ಪದದ ಬಗ್ಗೆ ಮೊದಲೇ ಹೇಳಬೇಕು. ನಮ್ಮಲ್ಲಿ ಕನ್ವೆನ್ಶನ್ ಎಂದರೆ ಮೈದಾನದಲ್ಲಿ ಚಪ್ಪರ ಹಾಕಿ ನಾಲ್ಕೈದು ದಿನ ನಡೆಸುವ ಬೈಬಲ್ ಪ್ರವಚನ ಕೂಟ. ಬ್ಯಾಪ್ಟಿಸ್ಟರಲ್ಲಿ ಕನ್ವೆನ್ಶನ್ ಎಂದರೆ ಹಲವು ಸಭೆಗಳು ಸೇರಿ ಕಟ್ಟಿಕೊಂಡ ಒಕ್ಕೂಟ. ಈ ಲೇಖನದಲ್ಲಿ ಆ ಪದವನ್ನು ಈ ಎರಡನೆಯ ಅರ್ಥದಲ್ಲೇ ಓದಿಕೊಳ್ಳಬೇಕು.

ಇಬ್ಬರಿಗೂ ಸಮಾನವಾದದ್ದು

ಬ್ಯಾಪ್ಟಿಸ್ಟ್ ಸಭೆಗಳ ಆರಂಭವನ್ನು ಸಾಮಾನ್ಯವಾಗಿ 1609ಕ್ಕೆ ಗುರುತಿಸುತ್ತಾರೆ. ಇಂಗ್ಲೆಂಡಿನಿಂದ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ನೆಲೆಸಿದ್ದ ಜಾನ್ ಸ್ಮಿತ್ ಮತ್ತು ಥಾಮಸ್ ಹೆಲ್ವಿಸ್ ಅವರ ಗುಂಪು, ಸ್ವತಃ ವಿಶ್ವಾಸವನ್ನು ಅರಿಕೆ ಮಾಡುವವರಿಗೆ ಮಾತ್ರ ಸ್ನಾನದೀಕ್ಷೆ ಎಂಬ ನಿಲುವಿಗೆ ಬಂದಿತು. ಆದ್ದರಿಂದ ಬ್ಯಾಪ್ಟಿಸ್ಟರು ಶಿಶುಗಳಿಗೆ ದೀಕ್ಷೆ ಕೊಡುವುದಿಲ್ಲ. ತಿಳುವಳಿಕೆ ಬಂದವರನ್ನು ನೀರಿನಲ್ಲಿ ಪೂರ್ಣವಾಗಿ ಮುಳುಗಿಸಿ ದೀಕ್ಷೆ ಕೊಡುತ್ತಾರೆ.

ಎರಡನೆಯ ಸಮಾನ ಅಂಶ ಸ್ಥಳೀಯ ಸಭೆಯ ಸ್ವಾಯತ್ತತೆ. ಅವರಲ್ಲಿ ಧರ್ಮಾಧ್ಯಕ್ಷರಿಲ್ಲ, ಧರ್ಮಪ್ರಾಂತ್ಯವಿಲ್ಲ. ಒಂದು ಊರಿನ ಸಭೆ ತನ್ನ ಪಾಸ್ಟರನ್ನು ತಾನೇ ಆರಿಸುತ್ತದೆ, ತನ್ನ ಜಾಗ ಮತ್ತು ಹಣವನ್ನು ತಾನೇ ನೋಡಿಕೊಳ್ಳುತ್ತದೆ. ನಮ್ಮಲ್ಲಿ ಒಬ್ಬ ಧರ್ಮಗುರುಗಳಿಗೆ ವರ್ಗಾವಣೆ ಪತ್ರ ಬಂದರೆ ಜನ ಕಣ್ಣೀರಿಟ್ಟು ಬೀಳ್ಕೊಟ್ಟು ಮುಂದಿನವರನ್ನು ಸ್ವಾಗತಿಸುತ್ತಾರೆ. ಬ್ಯಾಪ್ಟಿಸ್ಟರಲ್ಲಿ ಅಂಥ ಪತ್ರ ಬರೆಯುವವರೇ ಇಲ್ಲ. ಕನ್ವೆನ್ಶನ್‌ನ ಅಧ್ಯಕ್ಷರಾಗಲಿ ಕಾರ್ಯದರ್ಶಿಯಾಗಲಿ ಯಾವ ಸಭೆಯ ಪಾಸ್ಟರನ್ನೂ ನೇಮಿಸುವಂತಿಲ್ಲ, ತೆಗೆಯುವಂತಿಲ್ಲ. ಕನ್ವೆನ್ಶನ್‌ಗೆ ಸೇರಿದ ಸಭೆಯೂ ಈ ಅರ್ಥದಲ್ಲಿ ಸ್ವತಂತ್ರ ಸಭೆಯೇ.

ಹಾಗಿದ್ದರೆ ಒಕ್ಕೂಟ ಏಕೆ ಬೇಕಾಯಿತು? ಅದಕ್ಕೆ ಕಾರಣ ಮಿಷನ್ ಕಾರ್ಯ. ಈ ಕಥೆಯಲ್ಲಿ ಭಾರತಕ್ಕೂ ಪಾಲಿದೆ, ಕನ್ನಡಕ್ಕೂ ಒಂದು ನಂಟಿದೆ.

ಕಲ್ಕತ್ತದಿಂದ ಫಿಲಡೆಲ್ಫಿಯಕ್ಕೆ

ಇಂಗ್ಲೆಂಡಿನ ಕೆಟರಿಂಗ್ ಎಂಬಲ್ಲಿ 1792ರಲ್ಲಿ ಕೆಲವು ಬ್ಯಾಪ್ಟಿಸ್ಟ್ ಪಾಸ್ಟರುಗಳು ಸೇರಿ ಒಂದು ಮಿಷನರಿ ಸಂಘ ಸ್ಥಾಪಿಸಿದರು. ಅದರ ಮೂಲಕ 1793ರಲ್ಲಿ ಬಂಗಾಳಕ್ಕೆ ಬಂದವರು ವಿಲಿಯಂ ಕೇರಿ. ಸೆರಾಂಪುರದಲ್ಲಿ ಮುದ್ರಣಾಲಯ ನಡೆಸಿ ಅನೇಕ ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡಿದ ಇದೇ ಕೇರಿಯವರು 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು.

1812ರಲ್ಲಿ ಅಮೆರಿಕದಿಂದ ಅಡೊನಿರಾಂ ಜಡ್ಸನ್ ಮತ್ತು ಲೂಥರ್ ರೈಸ್ ಎಂಬ ತರುಣರು ಬೇರೆ ಬೇರೆ ಹಡಗುಗಳಲ್ಲಿ ಭಾರತಕ್ಕೆ ಹೊರಟರು. ಹೊರಟಾಗ ಅವರು ಬ್ಯಾಪ್ಟಿಸ್ಟರಲ್ಲ, ಶಿಶುದೀಕ್ಷೆಯನ್ನು ಒಪ್ಪುವ ಕಾಂಗ್ರಿಗೇಶನಲ್ ಸಭೆಯವರು. ಪ್ರಯಾಣದ ಕಾಲದಲ್ಲಿ ಬೈಬಲ್ ಅಧ್ಯಯನ ಮಾಡುತ್ತಾ ಜಡ್ಸನ್ ಅವರ ಅಭಿಪ್ರಾಯ ಬದಲಾಯಿತು. ಕಲ್ಕತ್ತಕ್ಕೆ ಬಂದ ಮೇಲೆ ಅವರೂ ಅನಂತರ ರೈಸ್ ಅವರೂ ಬ್ಯಾಪ್ಟಿಸ್ಟರಾಗಿ ದೀಕ್ಷೆ ಪಡೆದರು. ಕಳುಹಿಸಿದ ಸಂಘದ ಋಣ ಅಲ್ಲಿಗೆ ಮುಗಿಯಿತು. ಪರದೇಶದಲ್ಲಿ ಮಿಷನರಿಗಳಿದ್ದಾರೆ, ಅವರ ಹಿಂದೆ ಯಾವ ಸಭೆಯೂ ಇಲ್ಲ ಎಂಬ ಸ್ಥಿತಿ.

ಜಡ್ಸನ್ ಬರ್ಮಾಕ್ಕೆ ಹೋದರು. ರೈಸ್ ಅಮೆರಿಕಕ್ಕೆ ಮರಳಿ ಊರಿಂದೂರಿಗೆ ತಿರುಗಿ ಬ್ಯಾಪ್ಟಿಸ್ಟ್ ಸಭೆಗಳನ್ನು ಎಚ್ಚರಿಸಿದರು. ಅದರ ಫಲವಾಗಿ 1814ರಲ್ಲಿ ಫಿಲಡೆಲ್ಫಿಯದಲ್ಲಿ ಮೊದಲ ರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಮೂರು ವರ್ಷಗಳಿಗೊಮ್ಮೆ ಸೇರುತ್ತಿದ್ದುದರಿಂದ ಅದನ್ನು ತ್ರೈವಾರ್ಷಿಕ ಕನ್ವೆನ್ಶನ್ ಎಂದು ಕರೆದರು. ಹೀಗೆ ಕಲ್ಕತ್ತದಲ್ಲಿ ನಡೆದ ದೀಕ್ಷೆಯೊಂದು ಅಮೆರಿಕದ ಬ್ಯಾಪ್ಟಿಸ್ಟರನ್ನು ಒಂದುಗೂಡಿಸಿತು.

ಆ ಒಗ್ಗಟ್ಟು ಹೆಚ್ಚು ಕಾಲ ಉಳಿಯಲಿಲ್ಲ. ಗುಲಾಮರನ್ನು ಇಟ್ಟುಕೊಂಡವರನ್ನು ಮಿಷನರಿಗಳಾಗಿ ನೇಮಿಸಬಹುದೇ ಎಂಬ ಪ್ರಶ್ನೆ ಎದ್ದಾಗ ಉತ್ತರದವರು ಆಗದು ಎಂದರು. ದಕ್ಷಿಣದವರು 1845ರಲ್ಲಿ ಜಾರ್ಜಿಯಾದ ಆಗಸ್ಟಾದಲ್ಲಿ ಸೇರಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಶನ್ ಸ್ಥಾಪಿಸಿಕೊಂಡರು. ತಮ್ಮ ಪೂರ್ವಜರ ಈ ತಪ್ಪಿಗಾಗಿ ಆ ಕನ್ವೆನ್ಶನ್ 1995ರಲ್ಲಿ ಬಹಿರಂಗವಾಗಿ ಕ್ಷಮೆ ಕೋರಿತು. ಇಂದು ಅದು ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಸಂಘಟನೆ. 2024ರ ಲೆಕ್ಕದಂತೆ ಅದರ ಸದಸ್ಯರು ಸುಮಾರು 1 ಕೋಟಿ 27 ಲಕ್ಷ.

ಕನ್ವೆನ್ಶನ್ ಸಭೆಗಳ ಮಿಷನ್ ಪದ್ಧತಿ

ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ಮಿಷನ್ ಸಂಡೆಯನ್ನು ನೆನಪಿಸಿಕೊಂಡರೆ ಸಾಕು. ಅಕ್ಟೋಬರ್ ತಿಂಗಳಲ್ಲಿ ಎಲ್ಲ ಧರ್ಮಕೇಂದ್ರಗಳಲ್ಲಿ ಸಂಗ್ರಹವಾಗುವ ಕಾಣಿಕೆ ಒಂದೆಡೆ ಸೇರಿ ಜಗತ್ತಿನ ಬಡ ಮಿಷನ್ ಪ್ರದೇಶಗಳಿಗೆ ಹೋಗುತ್ತದೆ. ನಾವು ಹಾಕಿದ ಹತ್ತು ರೂಪಾಯಿ ಆಫ್ರಿಕಾಕ್ಕೆ ಹೋಯಿತೋ ಅಸ್ಸಾಮಿಗೆ ಹೋಯಿತೋ ನಮಗೆ ತಿಳಿಯದು. ಈ ಭಾನುವಾರವನ್ನು ಹನ್ನೊಂದನೆಯ ಪಯಸ್ ಜಗದ್ಗುರುಗಳು ಗೊತ್ತುಪಡಿಸಿದ್ದು 1926ರಲ್ಲಿ. ಅದಕ್ಕೆ ಒಂದೇ ವರ್ಷ ಮೊದಲು, 1925ರಲ್ಲಿ, ಸದರ್ನ್ ಬ್ಯಾಪ್ಟಿಸ್ಟರು ಸಹಕಾರ ಯೋಜನೆ ಎಂಬ ಒಂದು ವ್ಯವಸ್ಥೆ ಮಾಡಿಕೊಂಡರು.

ಅದರಂತೆ ಪ್ರತಿಯೊಂದು ಸಭೆ ತನ್ನ ಕಾಣಿಕೆಯ ಒಂದು ಪಾಲನ್ನು ರಾಜ್ಯ ಮಟ್ಟದ ಕನ್ವೆನ್ಶನ್‌ಗೆ ಕಳುಹಿಸುತ್ತದೆ. ಎಷ್ಟು ಎಂಬುದನ್ನು ಸಭೆಯೇ ತೀರ್ಮಾನಿಸುತ್ತದೆ, ಒತ್ತಾಯವಿಲ್ಲ. ರಾಜ್ಯ ಕನ್ವೆನ್ಶನ್ ತನ್ನ ಕೆಲಸಕ್ಕೆ ಬೇಕಾದುದನ್ನು ಇಟ್ಟುಕೊಂಡು ಉಳಿದುದನ್ನು ರಾಷ್ಟ್ರಮಟ್ಟಕ್ಕೆ ಕಳುಹಿಸುತ್ತದೆ. ರಾಷ್ಟ್ರಮಟ್ಟಕ್ಕೆ ಬಂದ ಹಣದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ವಿದೇಶ ಮಿಷನ್ ಮಂಡಳಿಗೆ ಸಲ್ಲುತ್ತದೆ. ಉಳಿದುದು ಸ್ವದೇಶ ಮಿಷನ್, ಸೆಮಿನರಿಗಳು ಮೊದಲಾದವಕ್ಕೆ ಹೋಗುತ್ತದೆ. ಮಂಡಳಿ ಅಭ್ಯರ್ಥಿಗಳನ್ನು ಪರೀಕ್ಷಿಸಿ, ತರಬೇತಿ ಕೊಟ್ಟು, ಸಂಬಳ ಸಹಿತ ಕಳುಹಿಸುತ್ತದೆ. ಮಿಷನರಿ ತನ್ನ ಊಟಕ್ಕಾಗಿ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ.

ಇದರ ಜೊತೆಗೆ ಕ್ರಿಸ್ಮಸ್ ಕಾಲದಲ್ಲಿ ಲಾಟಿ ಮೂನ್ ಎಂಬ ಮಹಿಳೆಯ ಹೆಸರಿನಲ್ಲಿ ವಿಶೇಷ ಕಾಣಿಕೆ ಸಂಗ್ರಹವಾಗುತ್ತದೆ. 1873ರಲ್ಲಿ ಚೀನಾಕ್ಕೆ ಹೋದ ಆಕೆ ಸುಮಾರು ನಾಲ್ಕು ದಶಕ ಅಲ್ಲಿ ದುಡಿದು, ದೇಹ ಸಂಪೂರ್ಣ ಕುಗ್ಗಿ ಊರಿಗೆ ಮರಳುತ್ತಿದ್ದಾಗ 1912ರ ಡಿಸೆಂಬರ್ 24ರಂದು ಜಪಾನಿನ ಕೋಬೆ ಬಂದರಿನಲ್ಲಿ ಹಡಗಿನಲ್ಲೇ ತೀರಿಕೊಂಡರು. ಆಕೆಯ ಪತ್ರಗಳಿಂದ ಪ್ರೇರಿತರಾದ ಮಹಿಳೆಯರು 1888ರಲ್ಲಿ ಈ ಕಾಣಿಕೆಯನ್ನು ಆರಂಭಿಸಿದ್ದರು. ವಾರಕ್ಕೊಂದು ಸಣ್ಣ ನಾಣ್ಯ ಕೂಡಿಸಿ 1822ರಲ್ಲಿ ಲಿಯೋನ್‌ನಲ್ಲಿ ವಿಶ್ವಾಸ ಪ್ರಸಾರ ಸಂಘ ಕಟ್ಟಿದ ನಮ್ಮ ಪುನೀತೆ ಪೌಲಿನ್ ಜಾರಿಕೊ ಅವರನ್ನು ಇಲ್ಲಿ ಸ್ಮರಿಸಬಹುದು. ಎರಡೂ ಕಡೆ ಮಿಷನ್ ಪೆಟ್ಟಿಗೆ ತುಂಬಿದ್ದು ಹೆಚ್ಚಾಗಿ ಬಡ ಹೆಂಗಸರ ಕೈಯಿಂದ.

ಇಂಥ ಸಂಗ್ರಹದ ಫಲವನ್ನು ನೋಡಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ ಆರಂಭವಾದದ್ದು ಸದರ್ನ್ ಬ್ಯಾಪ್ಟಿಸ್ಟರ ವಿದೇಶ ಮಿಷನ್ ಮಂಡಳಿಯಿಂದ. 1989ರಿಂದ ಅದರ ಆಡಳಿತ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸಹಭಾಗಿತ್ವಕ್ಕೆ ಬಂತು. ಒಂದು ಸಭೆ ಎಷ್ಟೇ ಶ್ರೀಮಂತವಾಗಿದ್ದರೂ ಒಂಟಿಯಾಗಿ ಇಂಥ ಆಸ್ಪತ್ರೆ ಕಟ್ಟಿ ನಡೆಸುವುದು ಕಷ್ಟ.

ಈ ಪದ್ಧತಿಗೂ ತನ್ನದೇ ಅಪಾಯವಿದೆ. ಆದಾಯಕ್ಕಿಂತ ಖರ್ಚು ಹೆಚ್ಚಾಗಿ 2015 ಮತ್ತು 2016ರಲ್ಲಿ ವಿದೇಶ ಮಂಡಳಿಯು ಮಿಷನರಿಗಳೂ ಸಿಬ್ಬಂದಿಯೂ ಸೇರಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಸ್ವಯಂ ನಿವೃತ್ತಿ ಹಾಗೂ ರಾಜೀನಾಮೆಯ ಮೂಲಕ ಕಳೆದುಕೊಂಡಿತು. ಕೇಂದ್ರದ ಲೆಕ್ಕ ತಪ್ಪಿದರೆ ದೂರದ ಹಳ್ಳಿಯಲ್ಲಿರುವ ಮಿಷನರಿ ಮನೆ ಖಾಲಿ ಮಾಡಬೇಕಾಗುತ್ತದೆ.

ಸ್ವತಂತ್ರ ಸಭೆಗಳ ಮಿಷನ್ ಪದ್ಧತಿ

ಲಾಟಿ ಮೂನ್ ಕೆಲಸ ಮಾಡಿದ ಚೀನಾದ ಟೆಂಗ್‌ಚೌ ಊರಿನಲ್ಲೇ ಟಿ. ಪಿ. ಕ್ರಾಫರ್ಡ್ ಎಂಬ ಹಿರಿಯ ಮಿಷನರಿಯೂ ಇದ್ದರು. ಮಂಡಳಿಗಳು ಬೈಬಲಿನಲ್ಲಿಲ್ಲ, ಅಪೊಸ್ತಲರ ಕಾಲದಲ್ಲಿ ಅಂತಿಯೋಕ್ಯದ ಸಭೆಯೇ ಪೌಲ ಬಾರ್ನಬರನ್ನು ಕಳುಹಿಸಿತು, ಇಂದೂ ಸ್ಥಳೀಯ ಸಭೆಯೇ ನೇರವಾಗಿ ಕಳುಹಿಸಬೇಕು ಎಂಬುದು ಅವರ ವಾದ. 1892ರಲ್ಲಿ ಅವರಿಗೂ ಮಂಡಳಿಗೂ ಸಂಬಂಧ ಕಡಿಯಿತು. ಒಂದೇ ಊರಿನ ಇಬ್ಬರು ಮಿಷನರಿಗಳಲ್ಲಿ ಒಬ್ಬರ ಹೆಸರು ಮಂಡಳಿಯ ಕಾಣಿಕೆಗೆ ನಿಂತಿತು, ಇನ್ನೊಬ್ಬರು ಮಂಡಳಿಯೇ ಬೇಡ ಎಂದರು. ಇಂದಿನ ಎರಡು ದಾರಿಗಳ ಗುರುತು ಅಲ್ಲೇ ಕಾಣುತ್ತದೆ.

ಸ್ವತಂತ್ರ ಬ್ಯಾಪ್ಟಿಸ್ಟರ ಚಳುವಳಿ ಬಲ ಪಡೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕನ್ವೆನ್ಶನ್‌ಗಳ ಸೆಮಿನರಿಗಳಲ್ಲಿ ಬೈಬಲಿನ ಸತ್ಯತೆಯನ್ನು ಪ್ರಶ್ನಿಸುವ ಆಧುನಿಕ ವಿಚಾರಗಳು ನುಸುಳುತ್ತಿವೆ, ನಾವು ಕೊಟ್ಟ ಕಾಣಿಕೆ ಅಂಥವರ ಸಂಬಳಕ್ಕೆ ಹೋಗುತ್ತಿದೆ ಎಂಬ ಆಕ್ಷೇಪ ಎದ್ದಿತು. ಟೆಕ್ಸಸ್‌ನ ಫೋರ್ಟ್ ವರ್ತ್‌ನ ಪಾಸ್ಟರ್ ಜೆ. ಫ್ರಾಂಕ್ ನಾರಿಸ್ ಈ ಆಕ್ಷೇಪದ ಉಗ್ರ ದನಿಯಾಗಿದ್ದರು. 1920ರ ದಶಕದಲ್ಲಿ ಅಲ್ಲಿನ ಬ್ಯಾಪ್ಟಿಸ್ಟ್ ಒಕ್ಕೂಟಗಳು ಅವರನ್ನು ಹೊರಗಿಟ್ಟವು. ಅವರ ಬಳಗವೇ 1950ರಲ್ಲಿ ಒಡೆದು, ಬೇರೆಯಾದವರು ಮಿಸೂರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬ್ಯಾಪ್ಟಿಸ್ಟ್ ಬೈಬಲ್ ಫೆಲೋಶಿಪ್ ಕಟ್ಟಿದರು.

ಸ್ವತಂತ್ರ ಸಭೆಯಿಂದ ಹೊರಡುವ ಮಿಷನರಿ ಮೊದಲು ತನ್ನ ಸಭೆಯಿಂದ ಅನುಮತಿ ಮತ್ತು ಅಭಿಷೇಕ ಪಡೆಯುತ್ತಾನೆ. ಬಳಿಕ ಹೆಂಡತಿ ಮಕ್ಕಳೊಂದಿಗೆ ಕಾರಿನಲ್ಲಿ ಊರೂರು ತಿರುಗುತ್ತಾನೆ. ಒಂದೊಂದು ಸಭೆಯಲ್ಲಿ ಪ್ರಸಂಗ ಮಾಡಿ, ತಾನು ಹೋಗುವ ದೇಶದ ಚಿತ್ರಗಳನ್ನು ತೋರಿಸಿ, ತಿಂಗಳಿಗೆ ಇಷ್ಟು ಡಾಲರ್ ಎಂಬ ಭರವಸೆ ಪಡೆಯುತ್ತಾನೆ. ಹೀಗೆ ಹತ್ತಾರು ಸಭೆಗಳ ಸಣ್ಣ ಸಣ್ಣ ಭರವಸೆಗಳು ಕೂಡಿದಾಗ ವಿಮಾನ ಹತ್ತುತ್ತಾನೆ. ಇದಕ್ಕೆ ಎರಡು ಮೂರು ವರ್ಷ ಹಿಡಿಯುವುದು ಸಾಮಾನ್ಯ. ಸ್ವತಂತ್ರ ಸಭೆಗಳಿಗೂ ಮಿಷನ್ ಸಂಸ್ಥೆಗಳಿಲ್ಲದಿಲ್ಲ. 1920ರಲ್ಲಿ ಸ್ಥಾಪನೆಯಾದ ಬ್ಯಾಪ್ಟಿಸ್ಟ್ ಮಿಡ್-ಮಿಷನ್ಸ್ ಒಂದು ಉದಾಹರಣೆ. ಆದರೆ ಕಳುಹಿಸುವುದು ಸಭೆಯೇ, ಹಣ ರವಾನೆ, ಕಾಗದಪತ್ರ, ಮಾರ್ಗದರ್ಶನ ಇವೇ ಸಂಸ್ಥೆಯ ಸೇವೆ ಎಂಬುದು ಅವರ ತಿಳುವಳಿಕೆ.

ಈ ಪದ್ಧತಿಯಲ್ಲಿ ಕಾಣಿಕೆ ಕೊಟ್ಟವರಿಗೆ ಮಿಷನರಿಯ ಮುಖ ಗೊತ್ತಿರುತ್ತದೆ. ಅವನ ಕುಟುಂಬದ ಫೋಟೋ ಸಭೆಯ ಗೋಡೆಯ ಮೇಲಿರುತ್ತದೆ. ಅವನ ಪತ್ರವನ್ನು ಗಟ್ಟಿಯಾಗಿ ಓದುತ್ತಾರೆ, ಅವನ ಮಕ್ಕಳ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ಮಿಷನ್ ಸಂಡೆಯ ಲಕೋಟೆಯನ್ನು ಮುಚ್ಚಿ ಕೊಟ್ಟು ಮರೆತುಬಿಡುವ ನಮಗೆ ಇದರಲ್ಲಿ ಕಲಿಯುವುದಿದೆ. ಆದರೆ ಸಭೆಯೊಂದರಲ್ಲಿ ಪಾಸ್ಟರ್ ಬದಲಾದರೆ ಅಥವಾ ಜಗಳವಾದರೆ ಆ ತಿಂಗಳಿನಿಂದಲೇ ಸಹಾಯ ನಿಲ್ಲಬಹುದು. ಮಾತುಗಾರ ಮಿಷನರಿಗೆ ಬೇಗ ಹಣ ಕೂಡುತ್ತದೆ, ಸಂಕೋಚದವನು ಕಾಯುತ್ತಾನೆ. ಮುಪ್ಪಿನಲ್ಲಿ, ಕಾಯಿಲೆಯಲ್ಲಿ ಅವನ ಹೊಣೆ ಯಾರದು ಎಂಬುದಕ್ಕೆ ನಿಶ್ಚಿತ ಉತ್ತರವಿರುವುದಿಲ್ಲ.

ಒಡನಾಟದ ಪ್ರಶ್ನೆ

ಕನ್ವೆನ್ಶನ್ ಸಭೆಗಳ ಒಡನಾಟಕ್ಕೆ ಒಂದು ಹೊರರೂಪವಿದೆ. ವರ್ಷಕ್ಕೊಮ್ಮೆ ಸಭೆಗಳ ಪ್ರತಿನಿಧಿಗಳು ಸೇರಿ ಮತ ಹಾಕುತ್ತಾರೆ. ಸಭೆಯ ಒಳಾಡಳಿತದಲ್ಲಿ ಕನ್ವೆನ್ಶನ್ ಕೈ ಹಾಕದು, ಆದರೆ ಒಂದು ಸಭೆ ತನ್ನೊಂದಿಗೆ ಸಹಕರಿಸುವ ಸಭೆಯಲ್ಲ ಎಂದು ತೀರ್ಮಾನಿಸಬಲ್ಲದು. 2023ರಲ್ಲಿ ಕ್ಯಾಲಿಫೋರ್ನಿಯಾದ ಪ್ರಸಿದ್ಧ ಸ್ಯಾಡಲ್‌ಬ್ಯಾಕ್ ಸಭೆಯನ್ನು ಅಲ್ಲಿ ಮಹಿಳೆಯೊಬ್ಬರು ಪಾಸ್ಟರ್ ಆಗಿದ್ದ ಕಾರಣಕ್ಕೆ ಹೀಗೆ ಹೊರಗಿಟ್ಟರು. ಆ ಸಭೆ ಮುಚ್ಚಲಿಲ್ಲ, ಅದರ ಕಟ್ಟಡ ಕೈತಪ್ಪಲಿಲ್ಲ. ಒಕ್ಕೂಟದ ಸಂಬಂಧ ಮಾತ್ರ ಮುಗಿಯಿತು.

ಸ್ವತಂತ್ರ ಸಭೆಗಳಲ್ಲಿ ಒಡನಾಟ ಹೆಚ್ಚಾಗಿ ಪಾಸ್ಟರುಗಳ ನಡುವಿನ ಸ್ನೇಹ. ಒಂದೇ ಬೈಬಲ್ ಕಾಲೇಜಿನಲ್ಲಿ ಓದಿದವರು, ಒಂದೇ ಪತ್ರಿಕೆಯನ್ನು ತರಿಸುವವರು ಒಬ್ಬರನ್ನೊಬ್ಬರು ಪ್ರಸಂಗಕ್ಕೆ ಕರೆಯುತ್ತಾರೆ. ಸದಸ್ಯತ್ವದ ಪಟ್ಟಿಯಾಗಲಿ ಮತದಾನವಾಗಲಿ ಇರಬೇಕೆಂದಿಲ್ಲ. ಯಾರಿಂದ ದೂರ ಇರಬೇಕು ಎಂಬ ವಿಷಯದಲ್ಲಿ ಮಾತ್ರ ಬಹಳ ಬಿಗಿ. ತಪ್ಪು ಬೋಧನೆ ಮಾಡುವವನಿಂದ ದೂರವಿರುವುದು ಮೊದಲನೆಯ ಮೆಟ್ಟಿಲು. ಅಂಥವನೊಂದಿಗೆ ಸೇರುವ ಒಳ್ಳೆಯ ಬೋಧಕನಿಂದಲೂ ದೂರವಿರುವುದು ಎರಡನೆಯ ಮೆಟ್ಟಿಲು. ಈ ಎರಡನೆಯದನ್ನು ಎಲ್ಲ ಸ್ವತಂತ್ರ ಸಭೆಗಳೂ ಒಪ್ಪುವುದಿಲ್ಲ. ಸ್ವತಃ ಬ್ಯಾಪ್ಟಿಸ್ಟರಾಗಿದ್ದ ಬಿಲ್ಲಿ ಗ್ರಹಾಂ 1957ರ ನ್ಯೂಯಾರ್ಕ್ ಕೂಟಗಳಲ್ಲಿ ಉದಾರವಾದಿ ಪ್ರೊಟೆಸ್ಟೆಂಟರ ಸಹಕಾರ ಪಡೆದಾಗ ಸ್ವತಂತ್ರ ಬ್ಯಾಪ್ಟಿಸ್ಟರಲ್ಲಿ ಅನೇಕರು ಅವರಿಂದ ದೂರ ಸರಿದದ್ದು ಇದೇ ಕಾರಣಕ್ಕೆ. ಕೆಲವು ಸ್ವತಂತ್ರ ಸಭೆಗಳು ಪ್ರಭುಭೋಜನವನ್ನು ತಮ್ಮದೇ ಸಭೆಯ ಸದಸ್ಯರಿಗೆ ಮಾತ್ರ ಕೊಡುತ್ತವೆ.

ಹಾಗೆಂದು ಕನ್ವೆನ್ಶನ್‌ನವರೆಲ್ಲ ಐಕ್ಯತಾ ಚಳುವಳಿಯ ಗೆಳೆಯರು ಎಂದು ತಿಳಿಯಬಾರದು. 1905ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ವಿಶ್ವ ಬ್ಯಾಪ್ಟಿಸ್ಟ್ ಒಕ್ಕೂಟದಿಂದ ಸದರ್ನ್ ಬ್ಯಾಪ್ಟಿಸ್ಟರು 2004ರಲ್ಲಿ ಹೊರಬಂದರು. ಅಮೆರಿಕದ ಕಥೋಲಿಕ ಧರ್ಮಸಭೆಯೊಂದಿಗೆ ಅವರು ನಡೆಸುತ್ತಿದ್ದ ಸಂವಾದ 2001ರಲ್ಲಿ ನಿಂತಿತು. ಅದೇ ವಿಶ್ವ ಒಕ್ಕೂಟದೊಂದಿಗೆ ವ್ಯಾಟಿಕನ್ನಿನ ಸಂವಾದ 1984ರಿಂದ 1988ರವರೆಗೆ, 2006ರಿಂದ 2010ರವರೆಗೆ, ಮತ್ತೆ 2017ರಿಂದ ಮುಂದಕ್ಕೆ ಹಂತ ಹಂತವಾಗಿ ನಡೆದಿದೆ.

ಹೊಣೆ ಯಾರದು?

ಈ ಎರಡೂ ದಾರಿಗಳನ್ನು ಕಠಿಣವಾಗಿ ಪರೀಕ್ಷಿಸಿದ್ದು ಇತ್ತೀಚಿನ ವರ್ಷಗಳ ಲೈಂಗಿಕ ದೌರ್ಜನ್ಯದ ವರದಿಗಳು. 2018ರಲ್ಲಿ ಟೆಕ್ಸಸ್‌ನ ಪತ್ರಿಕೆಯೊಂದು ಸ್ವತಂತ್ರ ಬ್ಯಾಪ್ಟಿಸ್ಟ್ ಸಭೆಗಳ ಬಗ್ಗೆ, 2019ರಲ್ಲಿ ಅದೇ ರಾಜ್ಯದ ಬೇರೆ ಎರಡು ಪತ್ರಿಕೆಗಳು ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳ ಬಗ್ಗೆ ತನಿಖಾ ವರದಿ ಪ್ರಕಟಿಸಿದವು. ಸ್ವತಂತ್ರ ಸಭೆಗಳಲ್ಲಿ ಆರೋಪಿಯೊಬ್ಬ ಒಂದು ಊರು ಬಿಟ್ಟು ಇನ್ನೊಂದು ಊರಿನ ಸಭೆ ಸೇರಿದರೆ ಎಚ್ಚರಿಸುವ ಮೇಲಿನ ವ್ಯವಸ್ಥೆಯೇ ಇರಲಿಲ್ಲ. ಕನ್ವೆನ್ಶನ್‌ನಲ್ಲಿ ವ್ಯವಸ್ಥೆ ಇತ್ತು, ಆದರೆ ಸಭೆಗಳು ಸ್ವಾಯತ್ತ, ನಾವೇನೂ ಮಾಡುವಂತಿಲ್ಲ ಎಂಬ ಉತ್ತರವೇ ನೊಂದವರಿಗೆ ವರ್ಷಗಟ್ಟಲೆ ಸಿಕ್ಕಿತು ಎಂಬುದು 2022ರ ಸ್ವತಂತ್ರ ತನಿಖೆಯಿಂದ ಹೊರಬಂತು.

ಇದನ್ನು ಬೆರಳು ತೋರಿಸುವುದಕ್ಕಾಗಿ ಬರೆಯುತ್ತಿಲ್ಲ. ಧರ್ಮಾಧ್ಯಕ್ಷರೂ ಕಾನೂನು ಸಂಹಿತೆಯೂ ಇರುವ ನಮ್ಮ ಧರ್ಮಸಭೆಯಲ್ಲೂ ಇದೇ ಪಾಪ ನಡೆಯಿತು, ಇದೇ ರೀತಿ ಮುಚ್ಚಿಡಲಾಯಿತು. ಸ್ವಾತಂತ್ರ್ಯವಾಗಲಿ ಶ್ರೇಣಿಯಾಗಲಿ ತಾನಾಗಿಯೇ ಒಂದು ಮಗುವನ್ನು ಕಾಪಾಡುವುದಿಲ್ಲ. ತಪ್ಪು ಕಂಡಾಗ ಹೊಣೆ ಹೊರುವ ಒಬ್ಬ ವ್ಯಕ್ತಿ ಬೇಕು. ಪಾಲನಾ ಪರಿಷತ್ತಿನಲ್ಲಿರುವ ನಾವೆಲ್ಲರೂ ಇದನ್ನು ನೆನಪಿಡಬೇಕು.

ನಮ್ಮ ಧರ್ಮಕೇಂದ್ರಗಳಿಗೆ ಸಂಬಂಧಿಸಿದಂತೆ

ಮೊದಲನೆಯದಾಗಿ, ಮದುವೆಯ ವಿಷಯ. ನೀರಿನಿಂದ, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಬ್ಯಾಪ್ಟಿಸ್ಟ್ ಸಭೆಯಲ್ಲಿ ಪಡೆದ ದೀಕ್ಷೆಯನ್ನು ಕಥೋಲಿಕ ಧರ್ಮಸಭೆ ಮಾನ್ಯ ಮಾಡುತ್ತದೆ, ಅಂಥವರಿಗೆ ಮತ್ತೆ ದೀಕ್ಷೆ ಕೊಡುವುದಿಲ್ಲ. ಅವರೊಂದಿಗೆ ಕಥೋಲಿಕರ ವಿವಾಹಕ್ಕೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಆದರೆ ಬ್ಯಾಪ್ಟಿಸ್ಟ್ ಮನೆಯಲ್ಲಿ ಬೆಳೆದ ಎಲ್ಲರೂ ದೀಕ್ಷೆ ಪಡೆದಿರುತ್ತಾರೆ ಎಂದು ಊಹಿಸಬಾರದು. ಶಿಶುದೀಕ್ಷೆ ಇಲ್ಲದ ಕಾರಣ ಇಪ್ಪತ್ತೈದು ವರ್ಷದ ಯುವತಿ ಇನ್ನೂ ದೀಕ್ಷೆ ಪಡೆಯದೇ ಇರಬಹುದು. ಆಗ ಅದು ದೀಕ್ಷೆ ಪಡೆಯದವರೊಂದಿಗಿನ ವಿವಾಹವಾಗುತ್ತದೆ, ಅದಕ್ಕೆ ಬೇರೆಯೇ ವಿನಾಯಿತಿ ಅಗತ್ಯ. ಆದ್ದರಿಂದ ದೀಕ್ಷೆಯ ದಾಖಲೆಯನ್ನು ಮೊದಲೇ ಕೇಳುವುದು ಒಳ್ಳೆಯದು. ಕೇಂದ್ರ ದಾಖಲೆ ಎಂಬುದಿಲ್ಲ, ದೀಕ್ಷೆ ನಡೆದ ಸಭೆಯಿಂದಲೇ ತರಿಸಬೇಕು.

ಎರಡನೆಯದಾಗಿ, ನಮ್ಮ ಮಕ್ಕಳಿಗೆ ತಿಳಿಸಬೇಕಾದ ವಿಷಯ. ನಮ್ಮ ಶಿಶುದೀಕ್ಷೆಯನ್ನು ಎರಡೂ ಬಗೆಯ ಬ್ಯಾಪ್ಟಿಸ್ಟರು ಒಪ್ಪುವುದಿಲ್ಲ. ಅವರ ಸಭೆಗೆ ಸೇರಬೇಕಾದರೆ ಮುಳುಗು ದೀಕ್ಷೆ ಪಡೆಯಲು ಹೇಳುತ್ತಾರೆ. ಇದು ವೈಯಕ್ತಿಕ ಅವಮಾನವಲ್ಲ, ಅವರ ನಂಬಿಕೆ. ಆದರೆ ದೀಕ್ಷೆ ಒಂದೇ ಎಂಬ ನಮ್ಮ ವಿಶ್ವಾಸವನ್ನು ವಿದೇಶಕ್ಕೆ ಹೊರಡುವ ಮಕ್ಕಳಿಗೆ ಮನೆಯಲ್ಲೇ ವಿವರಿಸಿದ್ದರೆ ಅಲ್ಲಿ ಗೊಂದಲವಾಗದು.

ಮೂರನೆಯದಾಗಿ, ಐಕ್ಯತಾ ಪ್ರಾರ್ಥನೆ. ಜನವರಿ 18ರಿಂದ 25ರವರೆಗಿನ ಐಕ್ಯತಾ ವಾರದಲ್ಲಿ ಬ್ಯಾಪ್ಟಿಸ್ಟ್ ಪಾಸ್ಟರರೊಬ್ಬರನ್ನು ಆಮಂತ್ರಿಸಿ ಅವರು ಬರಲು ಒಪ್ಪದಿದ್ದರೆ ಅದನ್ನು ಅಹಂಕಾರ ಎನ್ನಬಾರದು. ಸ್ವತಂತ್ರ ಸಭೆಯವರಾಗಿದ್ದರೆ, ನಮ್ಮೊಂದಿಗೆ ವೇದಿಕೆ ಹಂಚಿಕೊಂಡ ಕಾರಣಕ್ಕೆ ಅವರು ತಮ್ಮವರನ್ನೇ ಕಳೆದುಕೊಳ್ಳಬಹುದು. ವೇದಿಕೆಗೆ ಬಾರದವರೂ ಆಸ್ಪತ್ರೆ ಭೇಟಿಗೆ, ನೆರೆ ಪರಿಹಾರಕ್ಕೆ ಜೊತೆಗೂಡಬಹುದು. ಅಲ್ಲಿಂದ ಆರಂಭಿಸುವುದು ಸುಲಭ.

ಕೊನೆಯದಾಗಿ, ನಮ್ಮ ಕಾಲೇಜುಗಳಲ್ಲಿ ಓದಲು ಈಶಾನ್ಯ ರಾಜ್ಯಗಳಿಂದ ಬರುವ ಯುವಜನರು. ನಾಗಾಲ್ಯಾಂಡಿನ ಬಹುಪಾಲು ಕ್ರೈಸ್ತರು ಬ್ಯಾಪ್ಟಿಸ್ಟರು. ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಇ. ಡಬ್ಲ್ಯು. ಕ್ಲಾರ್ಕ್ 1872ರಲ್ಲಿ ನಾಗಾ ಬೆಟ್ಟಗಳಲ್ಲಿ ಆರಂಭಿಸಿದ ಕಾರ್ಯದಿಂದ ಬೆಳೆದ ಆ ಸಭೆಗಳು ಇಂದು ಒಕ್ಕೂಟಗಳಾಗಿ ಸಂಘಟಿತವಾಗಿವೆ. ಅಲ್ಲಿಂದ ಬಂದ ವಿದ್ಯಾರ್ಥಿಯೊಬ್ಬ ನಮ್ಮ ಚರ್ಚಿನ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರೆ ಅವನು ಅಮೆರಿಕದ ಸ್ವತಂತ್ರ ಸಭೆಯವರ ಹಾಗೆ ನಮ್ಮಿಂದ ದೂರ ಇರಬೇಕು ಎಂದು ಭಾವಿಸುವವನಲ್ಲದಿರಬಹುದು. ಅವನ ಊರು, ಅವನ ಸಭೆ ಯಾವುದು ಎಂದು ಕೇಳಿ, ಒಂದು ಊಟಕ್ಕೆ ಮನೆಗೆ ಕರೆಯಿರಿ.

ಒಂದು ಕಡೆ ಒಟ್ಟಿಗೆ ಕೊಟ್ಟು ಒಟ್ಟಿಗೆ ಕಳುಹಿಸುವ ಬಲ, ಇನ್ನೊಂದು ಕಡೆ ಹೆಸರು ಹಿಡಿದು ಕಳುಹಿಸಿ ಹೆಸರು ಹಿಡಿದು ಪ್ರಾರ್ಥಿಸುವ ಆಪ್ತತೆ. ಬ್ಯಾಪ್ಟಿಸ್ಟರು ಇವುಗಳನ್ನು ಎರಡು ದಾರಿಗಳಾಗಿ ಹಂಚಿಕೊಂಡಿದ್ದಾರೆ. ನಮಗೆ ಎರಡನ್ನೂ ಒಂದೇ ಧರ್ಮಕೇಂದ್ರದಲ್ಲಿ ಇಟ್ಟುಕೊಳ್ಳುವ ಅವಕಾಶವಿದೆ. ಮುಂದಿನ ಮಿಷನ್ ಸಂಡೆಯಂದು ಲಕೋಟೆ ಕೊಡುವಾಗ, ನಮ್ಮದೇ ಚರ್ಚಿನಿಂದ ಮಿಷನ್ ಪ್ರದೇಶಕ್ಕೆ ಹೋಗಿರುವ ಒಬ್ಬ ಗುರುವಿನ ಅಥವಾ ಧರ್ಮಭಗಿನಿಯ ಹೆಸರನ್ನು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಹೇಳೋಣ. ಅವರಿಗೆ ಒಂದು ಪತ್ರವನ್ನೂ ಬರೆಯೋಣ.